ಕುಂಡದ ಗಿಡದ ಎಲೆ ಏಕೆ ಕೆಡುತ್ತದೆ? ಕೃಷ್ಣಾ ತೀರದ ದಾಳಿಂಬೆ, ಲಿಂಬೆ ಕಲಿಸುವ ಪಾಠ

ಗಿಡಕ್ಕೆ ಬಾಯಿಲ್ಲ, ಆದರೆ ತನ್ನ ನೋವನ್ನು ಅದು ಎಲೆಯ ಮೂಲಕ ತೋರಿಸುತ್ತದೆ. ಎಲೆ ಹಳದಿಯಾಗುವುದು, ಅಂಚು ಸುಟ್ಟಂತಾಗುವುದು, ಮುರುಟಿಕೊಳ್ಳುವುದು, ಚುಕ್ಕೆ ಬೀಳುವುದು, ಅಕಾಲದಲ್ಲಿ ಉದುರುವುದು ಇವೆಲ್ಲವೂ ಒಂದೊಂದು ಕಾರಣವನ್ನು ಸೂಚಿಸುವ ಲಕ್ಷಣಗಳು. ಅದನ್ನು ತಿಳಿಯದೆ ಎಲೆ ಬಣ್ಣಗೆಟ್ಟೊಡನೆ ಅಂಗಡಿಗೆ ಹೋಗಿ ಕೈಗೆ ಸಿಕ್ಕ ಕೀಟನಾಶಕವನ್ನೋ ಗೊಬ್ಬರವನ್ನೋ ತಂದು ಹಾಕುವ ರೂಢಿ ನಗರಗಳಲ್ಲಿ ವ್ಯಾಪಕವಾಗಿದೆ. ಇದರಿಂದ ಗಿಡ ಉಳಿಯುವುದಕ್ಕಿಂತ ಸಾಯುವುದೇ ಹೆಚ್ಚು. ಏಕೆಂದರೆ ಕುಂಡದ ಗಿಡಗಳ ಎಲೆಯ ತೊಂದರೆಗಳಲ್ಲಿ ಬಹುಪಾಲು ರೋಗಗಳೇ ಅಲ್ಲ. ಅವು ನೀರು, ಮಣ್ಣು, ಬಿಸಿಲು ಮತ್ತು ಬೇರಿಗೆ ಸಂಬಂಧಿಸಿದವು. ನಿಜವಾದ ಸಾಂಕ್ರಾಮಿಕ ರೋಗಗಳು ಕೆಲವೇ ಕೆಲವು. ಆದರೆ ಆ ಕೆಲವನ್ನು ಗುರುತಿಸದೆ ಬಿಟ್ಟರೆ ಹಾನಿ ನಮ್ಮ ಕುಂಡಕ್ಕಷ್ಟೇ ಸೀಮಿತವಾಗುವುದಿಲ್ಲ.

ಈ ಮಾತಿಗೆ ಬಾಗಲಕೋಟೆ ಜಿಲ್ಲೆಗಿಂತ ಉತ್ತಮ ನಿದರ್ಶನ ಬೇರೆ ದೊರೆಯದು. ಕುಂಡದ ಗಿಡಕ್ಕೆ ಕಷ್ಟ ಕೊಡುವ ಬಿಸಿಲು, ಸುಣ್ಣದ ಮಣ್ಣು, ಗಡಸು ನೀರು ಮೂರೂ ಅಲ್ಲಿ ಒಟ್ಟಿಗೆ ಇವೆ. ದಾಳಿಂಬೆ ತೋಟಗಳನ್ನು ನೆಲಸಮಗೊಳಿಸಿದ ಅಂಗಮಾರಿ ರೋಗವನ್ನೂ ಆ ಜಿಲ್ಲೆ ಕಂಡಿದೆ.

ಗಲಗಲಿ ಸೀಮೆಯ ಮಣ್ಣು ಮತ್ತು ನೀರು

ಬೀಳಗಿ ತಾಲ್ಲೂಕಿನ ಗಲಗಲಿ ಕೃಷ್ಣಾ ನದಿಯ ದಂಡೆಯ ಮೇಲಿನ ಊರು. ಗಾಲವ ಮಹರ್ಷಿಗಳ ತಪೋಭೂಮಿ ಎಂಬ ಪ್ರತೀತಿ ಈ ಕ್ಷೇತ್ರಕ್ಕಿದೆ. ನದಿಯ ಆಸುಪಾಸಿನ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಮತ್ತು ಬೀಳಗಿ ಪ್ರದೇಶಗಳಲ್ಲಿ ಕಪ್ಪು ಎರೆಮಣ್ಣು ಹೇರಳ. ಲೋಕಾಪುರ, ಬಾಗಲಕೋಟೆಗಳ ಕಡೆ ನೆಲದಡಿ ಸುಣ್ಣದ ಕಲ್ಲಿನ ಪದರಗಳಿವೆ; ಜಿಲ್ಲೆಯಲ್ಲಿ ಸಿಮೆಂಟ್ ಉದ್ಯಮ ಬೆಳೆದದ್ದು ಈ ಕಲ್ಲಿನಿಂದಲೇ. ಇಂತಹ ನೆಲದ ಕೊಳವೆಬಾವಿ ನೀರು ಸಾಮಾನ್ಯವಾಗಿ ಗಡಸು. ಸತತ ನೀರಾವರಿಯ ಕಬ್ಬಿನ ಹೊಲಗಳಲ್ಲಿ ಉಪ್ಪು ಮೇಲಕ್ಕೆದ್ದು ಭೂಮಿ ಸವಳು-ಜವಳಾಗುವುದು ಈ ಭಾಗದ ರೈತರಿಗೆ ಚಿರಪರಿಚಿತ ಸಂಕಟ.

ಹೊಲದಲ್ಲಿ ಹಲವು ವರ್ಷಗಳಲ್ಲಿ ನಡೆಯುವ ಈ ಕ್ರಿಯೆ ಕುಂಡದಲ್ಲಿ ಕೆಲವೇ ತಿಂಗಳುಗಳಲ್ಲಿ ನಡೆದುಹೋಗುತ್ತದೆ. ಕುಂಡದಲ್ಲಿರುವುದು ಹತ್ತು-ಹದಿನೈದು ಲೀಟರ್ ಮಣ್ಣು ಮಾತ್ರ. ಪ್ರತಿದಿನ ಹಾಕಿದ ನೀರು ಆವಿಯಾಗುತ್ತದೆ, ಅದರಲ್ಲಿದ್ದ ಲವಣ ಮಣ್ಣಿನಲ್ಲೇ ಉಳಿಯುತ್ತದೆ. ಕುಂಡದ ಹೊರಮೈಯಲ್ಲಿ, ಮಣ್ಣಿನ ಮೇಲ್ಪದರದಲ್ಲಿ ಕಾಣುವ ಬಿಳಿಯ ಪುಡಿ ಇದೇ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಬಿಸಿಲು, ಕಾಯ್ದ ತಾರಸಿ ಮತ್ತು ಬಿಸಿಗಾಳಿ ಇವುಗಳ ಜೊತೆ ಸೇರಿದರೆ ಬೇರುಗಳು ಅಕ್ಷರಶಃ ಬೇಯುತ್ತವೆ. ಬೇರಿನ ಈ ಯಾತನೆಯೇ ಎಲೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಎಲೆಯನ್ನು ಪರೀಕ್ಷಿಸುವ ಕ್ರಮ

ಯಾವುದೇ ಔಷಧ ಅಥವಾ ಗೊಬ್ಬರ ಕೊಡುವ ಮುನ್ನ ಈ ಐದು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು.

1. ಕೆಟ್ಟಿರುವುದು ಹಳೆಯ ಎಲೆಯೋ, ಹೊಸ ಚಿಗುರೋ?
2. ಬಣ್ಣಗೆಟ್ಟಿರುವುದು ಅಂಚೋ, ನರಗಳ ನಡುವಿನ ಭಾಗವೋ, ಇಡೀ ಎಲೆಯೋ, ಅಥವಾ ಅಲ್ಲಲ್ಲಿ ಚುಕ್ಕೆಯೋ?
3. ತೊಂದರೆ ಗಿಡದ ಎಲ್ಲ ಕಡೆಯೂ ಇದೆಯೋ, ಒಂದೇ ಪಕ್ಕದಲ್ಲಿದೆಯೋ, ಒಂದೇ ಕೊಂಬೆಯಲ್ಲಿದೆಯೋ?
4. ಎಲೆಯ ಕೆಳಭಾಗದಲ್ಲಿ ಹುಳು, ಜೇಡಬಲೆ, ಅಂಟು ಅಥವಾ ಹಿಟ್ಟಿನಂತಹ ಪದಾರ್ಥ ಕಾಣುತ್ತದೆಯೋ?
5. ಒಂದೇ ಜಾತಿಯ ಗಿಡಗಳಿಗೆ ಮಾತ್ರ ಬಂದಿದೆಯೋ, ಅಕ್ಕಪಕ್ಕದ ಬೇರೆ ಬೇರೆ ಜಾತಿಯ ಗಿಡಗಳಿಗೂ ಬಂದಿದೆಯೋ?

ಐದನೆಯ ಪ್ರಶ್ನೆ ಬಹು ಮುಖ್ಯ. ರೋಗಾಣುಗಳು ಸಾಮಾನ್ಯವಾಗಿ ತಮ್ಮ ಆಶ್ರಯದ ಗಿಡವನ್ನು ಆರಿಸಿಕೊಳ್ಳುತ್ತವೆ. ದಾಳಿಂಬೆಯ ಅಂಗಮಾರಿ ಗುಲಾಬಿಗೆ ಬಾರದು; ಲಿಂಬೆಯ ಕಜ್ಜಿ ದಾಸವಾಳಕ್ಕೆ ಬಾರದು. ತಾರಸಿಯ ಮೇಲಿನ ಎಲ್ಲ ಗಿಡಗಳ ಎಲೆಯಂಚೂ ಏಕಕಾಲಕ್ಕೆ ಕಂದಿದ್ದರೆ ದೋಷ ನೀರಿನದೋ ಬಿಸಿಲಿನದೋ ಆಗಿರುತ್ತದೆ ಎಂದು ಬಹುಮಟ್ಟಿಗೆ ನಿಶ್ಚಯಿಸಬಹುದು.

ಅಂಚು ಸುಟ್ಟಂತಾಗುವುದು

ಎಲೆಯ ತುದಿ ಮತ್ತು ಅಂಚು ಕಂದುಬಣ್ಣಕ್ಕೆ ತಿರುಗಿ ಗರಿಗರಿಯಾಗುವುದು ಕುಂಡದ ಗಿಡಗಳಲ್ಲಿ ಅತ್ಯಂತ ಸಾಮಾನ್ಯ. ಜಪಾನ್, ಯೂರೋಪ್ ಮತ್ತು ಅಮೆರಿಕಗಳಲ್ಲಿ ಕುಂಡದಲ್ಲಿ ಪ್ರೀತಿಯಿಂದ ಬೆಳೆಸುವ ಜಪಾನಿ ಮೇಪಲ್ ಗಿಡಕ್ಕೂ ಬೇಸಿಗೆಯಲ್ಲಿ ಇದೇ ತೊಂದರೆ. ತಂಪು ಹವೆಯ ಆ ಗಿಡ ನಮ್ಮ ಬಯಲುಸೀಮೆಯ ಬಿಸಿಲನ್ನು ತಾಳಲಾರದು. ಆದರೆ ತೊಂದರೆಯ ಮೂಲ ಅಲ್ಲಿಯೂ ಇಲ್ಲಿಯೂ ಒಂದೇ: ಎಲೆಯಿಂದ ಆವಿಯಾಗಿ ಹೋಗುವಷ್ಟು ನೀರನ್ನು ಬೇರು ಮೇಲಕ್ಕೆ ಕಳುಹಿಸಲಾಗುತ್ತಿಲ್ಲ. ನೀರು ಎಲೆಯ ಅಂಚಿಗೆ ಕೊನೆಯಲ್ಲಿ ತಲುಪುವುದರಿಂದ ಅಂಚೇ ಮೊದಲು ಸಾಯುತ್ತದೆ.

ಇದಕ್ಕೆ ಮೂರು ಕಾರಣಗಳಿರಬಹುದು. ಬಿಸಿಲು ಬೀಳುವ ಪಕ್ಕದಲ್ಲಷ್ಟೇ ಎಲೆ ಕಂದಿದ್ದರೆ ಅದು ಬಿಸಿಲು ಮತ್ತು ಬಿಸಿಗಾಳಿಯ ಹೊಡೆತ. ಗಿಡದ ಎಲ್ಲ ಕಡೆ, ವಿಶೇಷವಾಗಿ ಹಳೆಯ ಎಲೆಗಳಲ್ಲಿ ಅಂಚು ಸುಟ್ಟಿದ್ದು, ಕುಂಡದಲ್ಲಿ ಬಿಳಿ ಪುಡಿ ಕಂಡರೆ ಅದು ಲವಣದ ಹೊಡೆತ. ರಾಸಾಯನಿಕ ಗೊಬ್ಬರ ಹಾಕಿದ ಒಂದೆರಡು ವಾರಗಳಲ್ಲಿ ಕಾಣಿಸಿಕೊಂಡರೆ ಗೊಬ್ಬರ ಹೆಚ್ಚಾಗಿದೆ ಎಂದು ತಿಳಿಯಬೇಕು.

ಪರಿಹಾರ ಸರಳ. ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ಬಿಸಿಲಿಗೆ ಹಸಿರು ನೆರಳುಬಲೆ ಕಟ್ಟಬೇಕು. ಕಪ್ಪು ಪ್ಲಾಸ್ಟಿಕ್ ಕುಂಡವನ್ನು ಬರಿ ತಾರಸಿಯ ಮೇಲಿಡದೆ ಇಟ್ಟಿಗೆಯ ಮೇಲಿಟ್ಟು, ಸುತ್ತ ಗೋಣಿತಟ್ಟು ಸುತ್ತಬೇಕು. ಮಣ್ಣಿನ ಕುಂಡ ತನ್ನ ಮೈಯಿಂದ ನೀರನ್ನು ಆವಿಯಾಗಿಸಿ ಬೇರನ್ನು ತಂಪಾಗಿಡುತ್ತದೆ. ಬಯಲುಸೀಮೆಗೆ ಅದೇ ಲೇಸು. ಲವಣ ಕಟ್ಟಿದ್ದರೆ ಮೇಲಿನ ಬಿಳಿ ಪದರವನ್ನು ಕೆರೆದು ತೆಗೆದು, ಕುಂಡದ ಗಾತ್ರದ ಎರಡು-ಮೂರು ಪಟ್ಟು ಸಿಹಿನೀರನ್ನು ನಿಧಾನವಾಗಿ ಸುರಿದು ತಳದ ರಂಧ್ರದಿಂದ ಹರಿದುಹೋಗಲು ಬಿಡಬೇಕು. ಹರಿದ ನೀರು ತಟ್ಟೆಯಲ್ಲಿ ನಿಂತು ಮತ್ತೆ ಮೇಲೇರದಂತೆ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಹೀಗೆ ತೊಳೆಯುವುದು ಒಳ್ಳೆಯದು.

ನಗರವಾಸಿಗಳು ಎರಡು ಸಂಗತಿಗಳನ್ನು ಗಮನಿಸಬೇಕು. ಮನೆಯ ಶುದ್ಧೀಕರಣ ಯಂತ್ರ ಹೊರಹಾಕುವ ತ್ಯಾಜ್ಯ ನೀರನ್ನು ಉಳಿತಾಯದ ದೃಷ್ಟಿಯಿಂದ ಗಿಡಗಳಿಗೆ ಹಾಕುವವರಿದ್ದಾರೆ. ಆ ನೀರಿನಲ್ಲಿ ಲವಣ ಮೂಲ ನೀರಿಗಿಂತ ಹೆಚ್ಚು ಸಾಂದ್ರವಾಗಿರುತ್ತದೆ. ನೆಲ ಒರೆಸಲು ಅದು ಸರಿ, ಕುಂಡಕ್ಕೆ ಸಲ್ಲದು. ಬೆಂಗಳೂರಿನಂತಹ ನಗರಗಳ ವಸತಿ ಸಮುಚ್ಚಯಗಳಲ್ಲಿ ಉಪ್ಪು ಬಳಸಿ ಮೃದುಗೊಳಿಸಿದ ನೀರೂ ಅಷ್ಟೇ. ಅದರಲ್ಲಿ ಸುಣ್ಣದ ಬದಲಿಗೆ ಸೋಡಿಯಂ ಸೇರಿರುತ್ತದೆ. ಗಿಡಕ್ಕೆ ಅದು ಗಡಸು ನೀರಿಗಿಂತಲೂ ಕೆಟ್ಟದ್ದು. ಅತ್ಯುತ್ತಮವಾದುದು ಮಳೆನೀರು. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು ದೊರೆಯುತ್ತದೆ. ಹತ್ತು ಚದರ ಮೀಟರ್ ತಾರಸಿಯಲ್ಲಿ 20 ಮಿ.ಮೀ.ನ ಒಂದೇ ಮಳೆ 200 ಲೀಟರ್ ನೀರನ್ನು ಕೊಡಬಲ್ಲದು.

ಹಳದಿ ಬಣ್ಣದ ಎರಡು ಅರ್ಥ

ಎಲೆ ಹಳದಿಯಾಗುವುದರಲ್ಲಿ ಹೊಸತು-ಹಳತು ಎಂಬ ಭೇದವೇ ನಿರ್ಣಾಯಕ. ಸಾರಜನಕ, ಪೊಟ್ಯಾಷ್ ಮತ್ತು ಮೆಗ್ನೀಷಿಯಂ ಗಿಡದೊಳಗೆ ಚಲಿಸಬಲ್ಲ ಪೋಷಕಾಂಶಗಳು. ಇವುಗಳ ಕೊರತೆಯಾದಾಗ ಗಿಡ ಹಳೆಯ ಎಲೆಯಿಂದ ಹೀರಿ ಹೊಸ ಚಿಗುರಿಗೆ ಕೊಡುತ್ತದೆ. ಆದ್ದರಿಂದ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಇಡೀ ಎಲೆ ಸಮನಾಗಿ ಪೇಲವವಾದರೆ ಸಾರಜನಕದ ಕೊರತೆ. ಅಂಚು ಒಣಗಿದರೆ ಪೊಟ್ಯಾಷ್ ಕೊರತೆ. ನರಗಳ ಮಧ್ಯೆ ಹಳದಿಯಾಗಿ ಎಲೆಯ ಬುಡದಲ್ಲಿ ಹಸಿರು ತ್ರಿಕೋನ ಉಳಿದರೆ ಮೆಗ್ನೀಷಿಯಂ ಕೊರತೆ. ಲಿಂಬೆ ಗಿಡದಲ್ಲಿ ಈ ತ್ರಿಕೋನ ಸ್ಪಷ್ಟವಾಗಿ ಕಾಣುತ್ತದೆ.

ಕಬ್ಬಿಣ ಮತ್ತು ಸತು ಹೀಗೆ ಸುಲಭವಾಗಿ ಚಲಿಸುವುದಿಲ್ಲ. ಇವುಗಳ ಕೊರತೆ ತುದಿಯ ಹೊಸ ಎಲೆಯಲ್ಲೇ ಕಾಣುತ್ತದೆ. ಎಲೆ ಪೂರ್ತಿ ಹಳದಿ ಅಥವಾ ಬಿಳಿಚಿಕೊಂಡು, ನರಗಳು ಮಾತ್ರ ಹಸಿರು ಜಾಲದಂತೆ ಉಳಿದರೆ ಅದು ಕಬ್ಬಿಣದ ಕೊರತೆ. ಹೊಸ ಎಲೆ ಚಿಕ್ಕದಾಗಿ, ಕಿರಿದಾಗಿ, ಗೊಂಚಲುಗಟ್ಟಿ ಹಳದಿ ಮಚ್ಚೆ ತಳೆದರೆ ಸತುವಿನ ಕೊರತೆ. ಸುಣ್ಣದ ನೆಲದಲ್ಲಿ ಇವೆರಡೂ ಸರ್ವೇಸಾಮಾನ್ಯ.

ಇಲ್ಲಿ ಒಂದು ಸೂಕ್ಷ್ಮವಿದೆ. ಇಂತಹ ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ; ಸುಣ್ಣ ಮತ್ತು ಕ್ಷಾರದ ಕಾರಣ ಅದು ಬೇರಿಗೆ ದಕ್ಕದ ರೂಪದಲ್ಲಿರುತ್ತದೆ. ಆದ್ದರಿಂದ ಮಣ್ಣಿಗೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಹಾಕಿದರೆ ಅದೂ ಬೇಗನೆ ಕರಗದ ರೂಪಕ್ಕೆ ತಿರುಗುತ್ತದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆಯ ಹೊತ್ತು ಎಲೆಗಳಿಗೆ ಸಿಂಪಡಿಸುವುದು ಹೆಚ್ಚು ಫಲಕಾರಿ. ಹದಿನೈದು ದಿನಗಳ ಅಂತರದಲ್ಲಿ ಎರಡು-ಮೂರು ಬಾರಿ ಸಿಂಪಡಿಸಬಹುದು. ಮಣ್ಣಿಗೇ ಕೊಡುವುದಾದರೆ ಇಡಿಡಿಎಚ್‌ಎ ರೂಪದ ಕಬ್ಬಿಣ ಕ್ಷಾರ ಮಣ್ಣಿನಲ್ಲೂ ಉಳಿಯುತ್ತದೆ. ಅಗ್ಗವಾಗಿ ಸಿಗುವ ಇಡಿಟಿಎ ರೂಪದ್ದು ಅಲ್ಲಿ ಹೆಚ್ಚು ಕಾಲ ನಿಲ್ಲದು. ಹಳೆಯ ಗಾರೆ, ಸುಣ್ಣದ ಚೂರು, ಬೂದಿ, ಮೊಟ್ಟೆಯ ಸಿಪ್ಪೆಗಳನ್ನು ಇಂತಹ ಕುಂಡಕ್ಕೆ ಹಾಕಬಾರದು. ಅವು ಕ್ಷಾರವನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಕರಾವಳಿ ಮತ್ತು ಮಲೆನಾಡಿನ ಓದುಗರಿಗೆ ಈ ಸಲಹೆ ಯಥಾವತ್ತಾಗಿ ಅನ್ವಯಿಸದು. ಅಲ್ಲಿಯ ಜಂಬಿಟ್ಟಿಗೆ ಮಣ್ಣು ಹುಳಿ. ಭಾರಿ ಮಳೆ ಪೋಷಕಾಂಶಗಳನ್ನು ತೊಳೆದೊಯ್ಯುತ್ತದೆ. ಅಲ್ಲಿ ಸುಣ್ಣವೇ ಔಷಧವಾಗುವ ಸಂದರ್ಭಗಳಿವೆ.

ನೀರು ಹೆಚ್ಚಾದರೂ ಬಾಡುತ್ತದೆ

ಎಲೆ ಜೋತುಬಿದ್ದಾಗ ನೀರಿಲ್ಲವೆಂದು ಭಾವಿಸಿ ಮತ್ತಷ್ಟು ನೀರು ಸುರಿಯುವುದು ಸಹಜ ಪ್ರವೃತ್ತಿ. ಆದರೆ ಬೇರು ಕೊಳೆತ ಗಿಡವೂ ಹಾಗೆಯೇ ಜೋತುಬೀಳುತ್ತದೆ. ವ್ಯತ್ಯಾಸ ತಿಳಿಯಲು ಬೆರಳನ್ನು ಎರಡು ಅಂಗುಲ ಮಣ್ಣಿನೊಳಕ್ಕೆ ಇಳಿಸಿ ನೋಡಬೇಕು. ಮಣ್ಣು ಒದ್ದೆಯಾಗಿದ್ದೂ ಎಲೆ ಬಾಡಿದ್ದರೆ, ಕೆಳಗಿನ ಎಲೆಗಳು ಮೆತ್ತಗೆ ಹಳದಿಯಾಗಿ ಉದುರುತ್ತಿದ್ದರೆ, ಕುಂಡದಿಂದ ಕೊಳೆತ ವಾಸನೆ ಬಂದರೆ ನೀರು ಹೆಚ್ಚಾಗಿದೆ ಎಂದರ್ಥ. ಗಿಡವನ್ನು ಕುಂಡದಿಂದ ಹೊರತೆಗೆದು ಬೇರು ನೋಡಬಹುದು. ಆರೋಗ್ಯವಂತ ಎಳೆಬೇರು ಬೆಳ್ಳಗೆ ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಪ್ಪಾಗಿ, ಎಳೆದರೆ ಸಿಪ್ಪೆ ಕಳಚುತ್ತದೆ.

ಬಯಲುಸೀಮೆಯಲ್ಲಿ ಹೊಲದ ಎರೆಮಣ್ಣನ್ನೇ ಕುಂಡಕ್ಕೆ ತುಂಬುವುದು ಇದಕ್ಕೆ ಮುಖ್ಯ ಕಾರಣ. ಒದ್ದೆಯಾದಾಗ ಆ ಮಣ್ಣು ಅಂಟಾಗಿ ಗಾಳಿಯಾಡದು. ಒಣಗಿದಾಗ ಬಿರುಕುಬಿಟ್ಟು ಕುಂಡದ ಗೋಡೆಯಿಂದ ಸರಿಯುತ್ತದೆ; ಆಗ ಸುರಿದ ನೀರು ಬೇರನ್ನು ಮುಟ್ಟದೆ ಪಕ್ಕದಿಂದ ಹರಿದುಹೋಗುತ್ತದೆ. ಕೆಂಪು ಮಣ್ಣು, ಕಳಿತ ಗೊಬ್ಬರ, ದಪ್ಪ ಮರಳು ಇವುಗಳ ಮಿಶ್ರಣ ಸುರಕ್ಷಿತ. ತೆಂಗಿನ ನಾರಿನ ಪುಡಿ ಬಳಸುವುದಾದರೆ ಎರಡು-ಮೂರು ಬಾರಿ ತೊಳೆದು ಅದರ ಉಪ್ಪನ್ನು ತೆಗೆಯಬೇಕು.

ಕೀಟಗಳ ಗುರುತು

ಎಲೆಯ ಕೆಳಭಾಗವನ್ನು ಭೂತಗನ್ನಡಿಯಿಂದ ನೋಡಿದರೆ ಅರ್ಧ ನಿರ್ಣಯ ಆದಂತೆಯೇ.

ಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂತೆ ನವಿರಾದ ಬಿಳಿ ಚುಕ್ಕೆಗಳು, ಕೆಳಗೆ ತೆಳುವಾದ ಬಲೆ ಇದ್ದರೆ ಅದು ಜೇಡನುಸಿ. ಒಣ ಬೇಸಿಗೆಯಲ್ಲಿ ಇದರ ಕಾಟ ಹೆಚ್ಚು. ಬಿಳಿ ಕಾಗದದ ಮೇಲೆ ಎಲೆಯನ್ನು ತಟ್ಟಿದರೆ ಚಲಿಸುವ ಧೂಳಿನ ಕಣಗಳಂತೆ ನುಸಿ ಕಾಣುತ್ತದೆ. ಜೋರಾಗಿ ನೀರು ಚಿಮುಕಿಸಿ ಎಲೆಯ ತಳವನ್ನು ತೊಳೆಯುವುದೇ ಮೊದಲ ಚಿಕಿತ್ಸೆ.

ಚಿಗುರು ಮೇಲ್ಮುಖವಾಗಿ ದೋಣಿಯಂತೆ ಮುರುಟಿಕೊಂಡರೆ ಥ್ರಿಪ್ಸ್ ಇರಬಹುದು. ಎಲೆಯ ಮೇಲೆ ಜಿಗುಟಾದ ಅಂಟು, ಅದರ ಮೇಲೆ ಮಸಿಯಂತಹ ಕಪ್ಪು ಬೂಷ್ಟು, ಇರುವೆಗಳ ಸಾಲು ಕಂಡರೆ ಸಸ್ಯಹೇನು, ಬಿಳಿನೊಣ ಅಥವಾ ಹಿಟ್ಟು ತಿಗಣೆ ಇದೆ ಎಂದರ್ಥ. ಕಪ್ಪು ಬೂಷ್ಟು ರೋಗವಲ್ಲ. ಕೀಟ ಹೋದರೆ ಅದೂ ಹೋಗುತ್ತದೆ. ಒಂದು ಲೀಟರ್ ನೀರಿಗೆ 3ರಿಂದ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿದರೆ ಬಹುತೇಕ ಹತೋಟಿಗೆ ಬರುತ್ತದೆ.

ಲಿಂಬೆಯ ಎಳೆ ಎಲೆಯಲ್ಲಿ ಬೆಳ್ಳಿಯ ಎಳೆಯಂತಹ ಸುತ್ತುಬಳಸು ಗೆರೆಗಳನ್ನು ಬಿಡಿಸುವುದು ರಂಗೋಲಿ ಹುಳು. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ನಿಂಬೆ ಚಿಟ್ಟೆಯ ಮರಿಹುಳು. ಕೈಯಿಂದ ಆರಿಸಿ ತೆಗೆದರೆ ಸಾಕು.

ನಿಜವಾದ ರೋಗಗಳು

ದಾಳಿಂಬೆಯ ದುಂಡಾಣು ಅಂಗಮಾರಿ ರೋಗದ ಬಗ್ಗೆ ಪ್ರತಿಯೊಬ್ಬ ಗಿಡಪ್ರಿಯರೂ ತಿಳಿದಿರಬೇಕು. 2000ದ ದಶಕದಲ್ಲಿ ಬಾಗಲಕೋಟೆ, ವಿಜಯಪುರ, ಕೊಪ್ಪಳ ಜಿಲ್ಲೆಗಳ ಮತ್ತು ನೆರೆಯ ಮಹಾರಾಷ್ಟ್ರದ ದಾಳಿಂಬೆ ತೋಟಗಳನ್ನು ಈ ರೋಗ ತೀವ್ರವಾಗಿ ಬಾಧಿಸಿತು. ಸಾಲ ಮಾಡಿ ಬೆಳೆಸಿದ ಗಿಡಗಳನ್ನು ಅನೇಕ ರೈತರು ತಮ್ಮ ಕೈಯಾರೆ ಕಿತ್ತುಹಾಕಬೇಕಾಯಿತು. ಸೊಲ್ಲಾಪುರದಲ್ಲಿ 2005ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಮತ್ತು ಬಾಗಲಕೋಟೆಯಲ್ಲಿ 2008ರಲ್ಲಿ ಆರಂಭವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಗಳಿಗೆ ಈ ರೋಗದ ನಿರ್ವಹಣೆ ಪ್ರಮುಖ ವಿಷಯಗಳಲ್ಲೊಂದು.

ರೋಗದ ಗುರುತು ಹೀಗಿದೆ: ಎಲೆಯ ಮೇಲೆ ನೀರಿನಲ್ಲಿ ನೆನೆದಂತಹ ಸಣ್ಣ, ಆಕಾರವಿಲ್ಲದ ಚುಕ್ಕೆಗಳು ಮೂಡುತ್ತವೆ. ಎಲೆಯನ್ನು ಬೆಳಕಿಗೆ ಹಿಡಿದರೆ ಅವು ಅರೆಪಾರದರ್ಶಕವಾಗಿ, ಎಣ್ಣೆ ತಾಕಿದಂತೆ ಕಾಣುತ್ತವೆ. ಕ್ರಮೇಣ ಮಧ್ಯಭಾಗ ಕಡುಕಂದಾಗಿ ಸುತ್ತ ಹಳದಿ ವರ್ತುಲ ಏಳುತ್ತದೆ, ಎಲೆ ಉದುರುತ್ತದೆ. ಕಾಂಡದ ಗೆಣ್ಣುಗಳು ಕಪ್ಪಾಗಿ ಅಲ್ಲಿಯೇ ಮುರಿಯುತ್ತವೆ. ಹಣ್ಣಿನ ಮೇಲೆ ಜಿಡ್ಡಿನ ಕಪ್ಪು ಕಲೆ ಬಂದು ಸಿಪ್ಪೆ ಸೀಳುತ್ತದೆ. ಮಳೆಗಾಲದ ಬೆಚ್ಚನೆಯ, ತೇವದ ಹವೆಯಲ್ಲಿ ರೋಗ ಬೇಗ ಹರಡುತ್ತದೆ. ಮಳೆಹನಿಯ ಸಿಡಿತ, ಗಾಳಿ, ಕತ್ತರಿ ಮತ್ತು ರೋಗಪೀಡಿತ ಸಸಿ ಇವೇ ಇದರ ವಾಹಕಗಳು. ಶಿಲೀಂಧ್ರದ ಚುಕ್ಕೆಗೆ ಈ ಎಣ್ಣೆಯಂತಹ ಹೊಳಪು ಇರುವುದಿಲ್ಲ ಎಂಬುದೇ ಮುಖ್ಯ ವ್ಯತ್ಯಾಸ.

ತೋಟಗಳ ಊರಿನಲ್ಲಿ ಒಂದು ಕುಂಡದ ದಾಳಿಂಬೆಯೂ ನಿರಪಾಯಕಾರಿಯಲ್ಲ. ತೋಟದಿಂದ ತಂದ ಕೊಂಬೆಯನ್ನು ಕುಂಡದಲ್ಲಿ ನೆಟ್ಟು, ಆ ಗಿಡವನ್ನು ಮತ್ತೊಬ್ಬರಿಗೆ ಕೊಡುವಾಗ ರೋಗವನ್ನೂ ಕೊಟ್ಟಂತಾಗಬಹುದು. ಲಕ್ಷಣ ಕಂಡೊಡನೆ ಗಿಡವನ್ನು ಪ್ರತ್ಯೇಕಿಸಿ, ರೋಗದ ಭಾಗವನ್ನು ಎರಡು ಅಂಗುಲ ಕೆಳಗಿನಿಂದ ಕತ್ತರಿಸಿ ಸುಡಬೇಕು. ಕಾಂಪೋಸ್ಟ್ ಗುಂಡಿಗಾಗಲಿ ಬೀದಿಬದಿಗಾಗಲಿ ಎಸೆಯಬಾರದು. ಕತ್ತರಿಯನ್ನು ಪ್ರತಿ ಬಾರಿಯೂ ಸ್ಪಿರಿಟ್‌ನಿಂದ ಒರೆಸಬೇಕು. ಬಳಿಕ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಬಹುದು; ಒಂದು ಲೀಟರ್ ನೀರಿಗೆ 10 ಗ್ರಾಂ ಮೈಲುತುತ್ತ ಮತ್ತು 10 ಗ್ರಾಂ ಸುಣ್ಣ ಇದರ ಪ್ರಮಾಣ. ಎರಡನ್ನೂ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಬೆರೆಸಿ, ಅಂದೇ ಬಳಸಬೇಕು. ರೋಗ ಕಾಂಡಕ್ಕೆ ಇಳಿದಿದ್ದರೆ ಗಿಡವನ್ನು ತೆಗೆದುಹಾಕುವುದೇ ವಿವೇಕ.

ಲಿಂಬೆಯ ಕಜ್ಜಿ ರೋಗವೂ ದುಂಡಾಣುವಿನಿಂದಲೇ ಬರುವಂಥದ್ದು. ಎಲೆಯ ಎರಡೂ ಬದಿಗಳಲ್ಲಿ ಉಬ್ಬಿದ, ಬೆಂಡಿನಂತೆ ಒರಟಾದ ಗಾಯ ಮತ್ತು ಅದರ ಸುತ್ತ ಹಳದಿ ವರ್ತುಲ ಇದರ ಗುರುತು. ರಂಗೋಲಿ ಹುಳು ಮಾಡಿದ ಗಾಯಗಳ ಮೂಲಕ ಇದು ಸುಲಭವಾಗಿ ಒಳಸೇರುತ್ತದೆ. ಆದ್ದರಿಂದ ಮಳೆಗಾಲದ ಚಿಗುರಿನಲ್ಲಿ ಹುಳುವಿನ ಹತೋಟಿಯೇ ರೋಗದ ಹತೋಟಿಯೂ ಹೌದು.

ಒಂದೇ ಕೊಂಬೆಯ ಎಲೆಗಳು ಹಳದಿಯಾಗಿ ಒಣಗಿ, ಬಳಿಕ ಮತ್ತೊಂದು ಕೊಂಬೆಗೆ ವಿಸ್ತರಿಸಿದರೆ ಸೊರಗು ರೋಗದ ಶಂಕೆಪಡಬೇಕು. ಕಾಂಡವನ್ನು ಸೀಳಿದಾಗ ಒಳಗೆ ಕಂದು-ಬೂದು ಬಣ್ಣದ ಪಟ್ಟಿ ಕಂಡರೆ ಶಂಕೆ ಬಲವಾಗುತ್ತದೆ. ದಾಳಿಂಬೆಯಲ್ಲಿ ಇದಕ್ಕೆ ಮುಖ್ಯ ಕಾರಣ ಮಣ್ಣಿನಲ್ಲಿರುವ ಸೆರಟೊಸಿಸ್ಟಿಸ್ ಎಂಬ ಶಿಲೀಂಧ್ರ. ಆ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬಾರದು. ಗುಲಾಬಿಯ ಬೂದಿ ರೋಗಕ್ಕೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಬಳಸಬಹುದು. ಆದರೆ ಬಿಸಿಲಿನ ದಿನಗಳಲ್ಲಿ ಗಂಧಕವೇ ಎಲೆಯನ್ನು ಸುಡುತ್ತದೆ ಎಂಬ ಎಚ್ಚರಿಕೆ ಅಗತ್ಯ.

ಎಲ್ಲ ಎಲೆ ಉದುರುವಿಕೆಯೂ ರೋಗವಲ್ಲ

ಚಳಿಗಾಲದಲ್ಲಿ ದಾಳಿಂಬೆಯ ಎಲೆ ಹಳದಿಯಾಗಿ ಉದುರುವುದು ಸ್ವಾಭಾವಿಕ. ತೋಟಗಳಲ್ಲಿ ಹೂ ಬಿಡಿಸಲು ರೈತರು ಉದ್ದೇಶಪೂರ್ವಕವಾಗಿಯೇ ನೀರು ನಿಲ್ಲಿಸಿ ಎಲೆ ಉದುರಿಸುತ್ತಾರೆ. ಕರಿಬೇವು ಕೂಡ ಚಳಿಯಲ್ಲಿ ಸೊರಗಿ ಬೇಸಿಗೆಯ ಹೊಸ್ತಿಲಲ್ಲಿ ಚಿಗುರುತ್ತದೆ. ನೆರಳಿನಿಂದ ಬಿಸಿಲಿಗೆ ಸ್ಥಳಾಂತರಿಸಿದ ಅಥವಾ ನರ್ಸರಿಯಿಂದ ಹೊಸದಾಗಿ ತಂದ ಗಿಡ ಕೆಲವು ಎಲೆಗಳನ್ನು ಕಳಚುವುದು ಹೊಂದಾಣಿಕೆಯ ಲಕ್ಷಣ. ಕೊಂಬೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರಿದ್ದರೆ ಗಿಡ ಜೀವಂತವಾಗಿದೆ, ಕಾಯಬೇಕು.

ಔಷಧಕ್ಕೆ ಮುನ್ನ

ಮೊದಲು ಮಣ್ಣಿನ ತೇವ ನೋಡಿ. ಎರಡನೆಯದಾಗಿ ಕುಂಡದ ಬಿಳಿ ಪುಡಿ ಮತ್ತು ತಳದ ರಂಧ್ರ ನೋಡಿ. ಮೂರನೆಯದಾಗಿ ಎಲೆಯ ಕೆಳಭಾಗ ನೋಡಿ. ನಾಲ್ಕನೆಯದಾಗಿ ಚುಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಎರಡು ವಾರ ಕಾಯಿರಿ. ನೀರು, ಗೊಬ್ಬರ, ಔಷಧ, ಜಾಗ ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯದು. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ಸುಧಾರಣೆಯನ್ನು ಹೊಸ ಚಿಗುರಿನಲ್ಲಿ ನೋಡಬೇಕು.

ಹೊಲಗಳಿಗೆಂದು ತಯಾರಾದ ತೀಕ್ಷ್ಣ ಕೀಟನಾಶಕಗಳನ್ನು ಮಕ್ಕಳು ಓಡಾಡುವ ತಾರಸಿಯಲ್ಲಿ, ಅಡುಗೆಗೆ ಕೀಳುವ ಕರಿಬೇವಿನ ಮೇಲೆ, ನಿತ್ಯ ಬಳಸುವ ತುಳಸಿಯ ಪಕ್ಕದಲ್ಲಿ ಸಿಂಪಡಿಸುವುದು ಅಪಾಯಕರ. ಸಂದೇಹವಿದ್ದಲ್ಲಿ ರೋಗದ ಎಲೆ ಮತ್ತು ಆರೋಗ್ಯವಂತ ಎಲೆ ಎರಡನ್ನೂ ಕಾಗದದಲ್ಲಿ ಸುತ್ತಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಒಯ್ದು ತೋರಿಸುವುದು ಸೂಕ್ತ. ಪ್ಲಾಸ್ಟಿಕ್ ಚೀಲದಲ್ಲಿ ಒಯ್ದರೆ ಎಲೆ ಬೆವರಿ ಕೊಳೆತು ಲಕ್ಷಣಗಳು ಅಳಿಸಿಹೋಗುತ್ತವೆ. ಯಾವ ನೀರು ಹಾಕುತ್ತೀರಿ, ಕೊನೆಯ ಬಾರಿ ಏನು ಗೊಬ್ಬರ ಕೊಟ್ಟಿರಿ, ಗಿಡವನ್ನು ಎಲ್ಲಿಂದ ತಂದಿರಿ ಎಂಬ ಮೂರು ವಿವರಗಳನ್ನೂ ತಜ್ಞರಿಗೆ ತಿಳಿಸಿದರೆ ನಿರ್ಣಯ ಸುಲಭವಾಗುತ್ತದೆ.